‘ಜಾಗ್ ಡೌನ್’ ಅಂತ ಬರೆದು ಕೈತೊಳೆದುಕೊಂಡವರು

ಮ್ಯಾರಥಾನ್‌ಗೆ ತಯಾರಿ ಶುರು ಮಾಡಿದವರ ಫೋನಿನಲ್ಲಿ ಒಂದು ಪಿಡಿಎಫ್ ಇದ್ದೇ ಇರುತ್ತೆ. ಹದಿನಾರು ವಾರ, ವಾರಕ್ಕೆ ಏಳು ಚೌಕ. ಆರನೇ ವಾರದ ಹೊತ್ತಿಗೆ, ಮಂಗಳವಾರವೋ ಬುಧವಾರವೋ, ಒಂದು ಚೌಕದಲ್ಲಿ ಹೀಗೆ ಬರೆದಿರುತ್ತೆ: ಹಿಲ್ ರಿಪೀಟ್ಸ್, 8 × 400 ಮೀಟರ್, ಜಾಗ್ ಡೌನ್ ರಿಕವರಿ. ಕೆಳಗೆ ಒಂದು ಸಾಲಿನ ಸಮಜಾಯಿಷಿ, ಕಾಲಿಗೆ ಬಲ ಬರುತ್ತೆ ಅಂತ. ನನ್ನ ತಕರಾರು ಈ ಒಂದು ಚೌಕದ ಬಗ್ಗೆ. ಸರಿಯಾಗಿ ಹೇಳಬೇಕು ಅಂದರೆ ಅದರ ಕೊನೆಯ ಮೂರು ಪದಗಳ ಬಗ್ಗೆ.

ಒಂದು ಪಿಡಿಎಫ್ ಮೇಲೆ ವಿಮರ್ಶೆ ಬರೆಯೋದಾ ಅಂತ ನಗಬೇಡಿ. ಕಾದಂಬರಿ ಓದಿದವರು ಅದನ್ನು ಮೈಮೇಲೆ ಪ್ರಯೋಗ ಮಾಡಿಕೊಳ್ಳೋದಿಲ್ಲ. ಟ್ರೇನಿಂಗ್ ಪ್ಲ್ಯಾನ್ ಓದಿದವರು ಮರುದಿನ ಬೆಳಿಗ್ಗೆ ಐದೂವರೆಗೇ ಮಾಡಿಕೊಳ್ಳುತ್ತಾರೆ. ನಾವು ಇಷ್ಟು ನಂಬಿಕೆಯಿಂದ, ಒಂದು ಪ್ರಶ್ನೆಯನ್ನೂ ಕೇಳದೆ ಓದುವ ಬೇರೆ ಬರವಣಿಗೆ ನನಗಂತೂ ಗೊತ್ತಿಲ್ಲ. ಆಫೀಸಿನ ಅಪಾಯಿಂಟ್‌ಮೆಂಟ್ ಲೆಟರನ್ನೂ ಇಷ್ಟು ಭಕ್ತಿಯಿಂದ ಓದಿರಲಿಲ್ಲ.

ಈ ಚೌಕವನ್ನು ನಾನು ಸರಿಯಾಗಿ ಓದಿದ್ದು ಹಿಡಕಲ್ ಕಡೆಯ ನಮ್ಮ ಊರಿನಲ್ಲಿ. ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಾಗಿತ್ತು. ದೀಪಾವಳಿಗೆ ಅಂತ ಹೊರಟವನು ಮ್ಯಾನೇಜರ್ ಹತ್ತಿರ ನಾಲ್ಕು ವಾರ ವರ್ಕ್ ಫ್ರಮ್ ಹೋಮ್ ಕೇಳಿಕೊಂಡು, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಘಟಪ್ರಭಾದಲ್ಲಿ ಇಳಿದೆ. ಹಿಡಕಲ್ ಅಂದರೆ ನಮ್ಮ ಕಡೆ ಊರಿಗಿಂತ ಮೊದಲು ಡ್ಯಾಂ ನೆನಪಾಗೋದು. ಘಟಪ್ರಭಾ ನದಿಗೆ ಅಡ್ಡ ಕಟ್ಟಿದ ರಾಜಾ ಲಖಮಗೌಡ ಜಲಾಶಯ. ಎತ್ತರ 62 ಮೀಟರ್ ಚಿಲ್ಲರೆ, ಹಿಡಿಯೋದು 51 ಟಿಎಂಸಿ ನೀರು. ಕೆಳಗಿನ ತಾಲ್ಲೂಕುಗಳ ಕಬ್ಬು ನಿಂತಿರೋದು ಈ ನೀರಿನ ಮೇಲೆ. ಬೆಂಗಳೂರಿನ ಗೆಳೆಯರು ಉತ್ತರ ಕರ್ನಾಟಕ ಅಂದರೆ ಕೈಯನ್ನು ಅಡ್ಡಡ್ಡ ಆಡಿಸಿ ‘ಫುಲ್ ಫ್ಲ್ಯಾಟ್ ಅಲ್ವಾ’ ಅಂತಾರೆ. ಅದೇ ನದಿ ಗೋಕಾಕದಲ್ಲಿ 52 ಮೀಟರ್ ಕೆಳಗೆ ಧುಮುಕುತ್ತೆ. ನೆಲ ಸಪಾಟಾಗಿದ್ದರೆ ನದಿ ಎಲ್ಲಿಂದ ಬೀಳಬೇಕು?

ಊರ ಹೊರಗೆ ಒಂದು ಏರು ಇದೆ. ವಾಚಿನಲ್ಲಿ ಅಳೆದೆ. 400 ಮೀಟರಿಗೆ 24 ಮೀಟರ್ ಏರುತ್ತೆ, ಅಂದರೆ 6 ಪರ್ಸೆಂಟ್. ಪಿಡಿಎಫ್‌ನಲ್ಲಿ ಕೇಳಿದ ಅಳತೆಗೆ ಹೊಲಿಸಿದ ಹಾಗಿತ್ತು. ಒಂದೇ ತೊಂದರೆ ಅಂದರೆ ಆಗಷ್ಟೇ ಕಬ್ಬಿನ ಹಂಗಾಮು ಶುರುವಾಗಿತ್ತು. ಎರಡೆರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ಲೈಟಿಲ್ಲದೆ, ಕತ್ತಲಲ್ಲಿ ಅದೇ ಏರಿನಲ್ಲಿ ಬುಸುಗುಡುತ್ತಾ ಬರೋವು. ಹಾಗಾಗಿ ಸ್ವಲ್ಪ ಬೆಳಕಾದ ಮೇಲೇ ಓಡುತ್ತಿದ್ದೆ.

ಅಲ್ಲಿ ಓಡುವವನು ನಾನೊಬ್ಬನೇ ಆಗಿರಲಿಲ್ಲ. ಬೆಳಗಾವಿ ಜಿಲ್ಲೆಯ ರಸ್ತೆಗಳಲ್ಲಿ ನಸುಕಿಗೆ ಓಡುವ ಹುಡುಗರಿಗೆ ಮ್ಯಾರಥಾನಿನ ಗೊಡವೆ ಇಲ್ಲ. ಅವರದು ಭರ್ತಿಯ ಓಟ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದ ಮಿಲ್ಟ್ರಿ ಭರ್ತಿ ಅನ್ನೋದು ಇಲ್ಲಿ ತಲೆಮಾರುಗಳ ಮಾತು. ಅದು ಆಗದಿದ್ದರೆ ಪೊಲೀಸ್. ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಲೆಕ್ಕ ಹಾಕಿದರೆ ಪ್ರತಿ 400 ಮೀಟರಿಗೆ ತೊಂಬತ್ತೇಳೂವರೆ ಸೆಕೆಂಡ್. ನಮ್ಮ ಕಾಕಾನ ಮಗನೂ ಆ ಹುಡುಗರಲ್ಲಿ ಒಬ್ಬ. ಪರೀಕ್ಷೆಗೆ ಏಳು ವಾರ ಇತ್ತು. ವಯೋಮಿತಿಗೆ ಅದಕ್ಕಿಂತ ಬಹಳ ಹೆಚ್ಚೇನೂ ಇರಲಿಲ್ಲ.

‘ಅಣ್ಣಾ, ಆ ನಿನ್ನ ಪ್ಲ್ಯಾನ್ ನನಗೂ ವಾಟ್ಸ್ಯಾಪ್ ಮಾಡು. ಗುಡ್ಡಾ ಹತ್ತಿದ್ರ ಕಾಲಾಗ ತಾಕತ್ತ ಬರತೈತಂತಲ್ಲ?’

ಕಳಿಸಿದೆ. ಇಡೀ ಪಿಡಿಎಫ್ ಅವನಿಗೆ ಬೇಡವಾಗಿತ್ತು, ಹಾಗಾಗಿ ಆ ಚೌಕವನ್ನಷ್ಟೇ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ಇಲ್ಲಿಂದ ಮುಂದೆ ನಾನು ಬೈಯೋದರಲ್ಲಿ ಒಂದು ಪಾಲು ನನಗೇ ಸೇರಬೇಕು ಅಂತ ಈಗಲೇ ಹೇಳಿಬಿಡುತ್ತೇನೆ.

ಚೌಕ ಎಲ್ಲಿಂದ ಬಂತು ಅನ್ನೋದನ್ನು ಮೊದಲು ನೋಡೋಣ. ಬೆಟ್ಟ ಹತ್ತಿ ಓಡೋದನ್ನು ಒಂದು ಪದ್ಧತಿಯಾಗಿ ಜಗತ್ತಿಗೆ ಕೊಟ್ಟವರಲ್ಲಿ ದೊಡ್ಡ ಹೆಸರು ಆರ್ಥರ್ ಲಿಡಿಯಾರ್ಡ್. ನ್ಯೂಜಿಲೆಂಡಿನ ಆಕ್ಲೆಂಡಿನವರು, 1917ರಲ್ಲಿ ಹುಟ್ಟಿದವರು, ಶೂ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು, ಆಮೇಲೆ ಅಕ್ಕಪಕ್ಕದ ಬೀದಿಯ ಹುಡುಗರನ್ನು ಕಟ್ಟಿಕೊಂಡು ಓಡಿಸಿದರು. ವಾಯಟಾರುವಾ ಅನ್ನೋ ಬೆಟ್ಟದ ದಾರಿಯಲ್ಲಿ 22 ಮೈಲಿಯ ಸುತ್ತು. 800 ಮೀಟರ್ ಓಡುವವರಿಗೂ ಅದೇ ಸುತ್ತು, ಮ್ಯಾರಥಾನ್ ಓಡುವವರಿಗೂ ಅದೇ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಹುಡುಗರಲ್ಲಿ ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರಿ ಹಾಲ್‌ಬರ್ಗ್ 5000 ಮೀಟರಿನಲ್ಲಿ ಒಂದೇ ದಿನ ಚಿನ್ನ ಗೆದ್ದರು. ಅಬೆಬೆ ಬಿಕಿಲಾ ಬರಿಗಾಲಲ್ಲಿ ಗೆದ್ದ ಆ ಪ್ರಸಿದ್ಧ ಮ್ಯಾರಥಾನಿನಲ್ಲಿ ಮೂರನೆಯವರಾಗಿ ಬಂದ ಬ್ಯಾರಿ ಮಗೀ ಕೂಡ ಇವರ ಗರಡಿಯವರೇ. ಇಷ್ಟಾದ ಮೇಲೆ ಜಗತ್ತು ಆ ಬೆಟ್ಟದ ಕಡೆ ತಿರುಗಿ ನೋಡದೆ ಇರುತ್ತಾ?

ಲಿಡಿಯಾರ್ಡ್ ಅವರು ಗಾರ್ತ್ ಗಿಲ್ಮೋರ್ ಜೊತೆ ಸೇರಿ ಬರೆದ ಪುಸ್ತಕಗಳನ್ನು ಓದಿದರೆ ಎರಡು ಸಂಗತಿ ಎದ್ದು ಕಾಣುತ್ತವೆ. ಒಂದು, ಬೆಟ್ಟ ಅಲ್ಲಿ ಎರಡನೇ ಹಂತ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಸುಮ್ಮನೆ ಓಟ. ಉಸಿರು ಏರದಂತೆ, ದಿನಾ, ಉದ್ದುದ್ದ. ಕಾಲಿನ ಎಲುಬು, ಸ್ನಾಯು, ಹಿಮ್ಮಡಿ ಮೇಲಿನ ನರ ಎಲ್ಲವೂ ಸಾವಿರಾರು ಹೆಜ್ಜೆಗೆ ಪಳಗಿದ ಮೇಲೆಯೇ ಬೆಟ್ಟ. ಅದೂ ಕೆಲವೇ ವಾರ. ಎರಡನೆಯದು ನನಗೆ ಇನ್ನೂ ಮುಖ್ಯ ಅನಿಸಿದ್ದು. ಅವರ ಬೆಟ್ಟದ ಪಾಠ ಒಂದು ಸುತ್ತು. ಮೇಲಕ್ಕೆ ಚಿಮ್ಮಿ ಚಿಮ್ಮಿ ಏರಬೇಕು, ಮೇಲೆ ಹೋಗಿ ನಿಧಾನಕ್ಕೆ ಜಾಗ್ ಮಾಡಬೇಕು, ಆಮೇಲೆ ಮೈ ಸಡಿಲ ಬಿಟ್ಟು ಉದ್ದ ಹೆಜ್ಜೆಯಲ್ಲಿ ವೇಗವಾಗಿ ಕೆಳಗೆ ಇಳಿಯಬೇಕು, ಕೆಳಗೆ ಸಪಾಟು ಜಾಗದಲ್ಲಿ ಕೆಲವು ಚುರುಕು ಓಟ. ಮತ್ತೆ ಮೇಲಕ್ಕೆ. ಅಂದರೆ ಇಳಿಯೋದು ಅಲ್ಲಿ ಪಾಠದ ಭಾಗ. ಅದಕ್ಕೊಂದು ಕ್ರಮ ಇದೆ, ಹೇಗೆ ಇಳೀಬೇಕು ಅನ್ನೋ ವಿವರಣೆ ಇದೆ.

ನಮ್ಮ ಕೈಗೆ ಬರೋ ಹೊತ್ತಿಗೆ ಇದು ಎರಡು ಸಲ ಕತ್ತರಿಗೆ ಸಿಕ್ಕಿದೆ. ಮುಂಚಿನ ತಿಂಗಳುಗಳನ್ನು ಐದು ವಾರ ಮಾಡಿದರು. ಸುತ್ತಿನ ನಾಲ್ಕು ಭಾಗದಲ್ಲಿ ಒಂದನ್ನು ಇಟ್ಟುಕೊಂಡು ಉಳಿದ ಮೂರನ್ನು ‘ಜಾಗ್ ಡೌನ್ ರಿಕವರಿ’ ಅಂತ ಮಡಚಿಟ್ಟರು. ಯಾಕೆ ಅಂದರೆ ಪತ್ರಿಕೆಯ ಪುಟದಲ್ಲಿ, ಪಿಡಿಎಫ್‌ನ ಚೌಕದಲ್ಲಿ ಅಷ್ಟೇ ಜಾಗ. ಕನ್ನಡದ ಫಿಟ್‌ನೆಸ್ ಅಂಕಣಗಳು ಬಂದ ಮೇಲೆ ಇನ್ನೊಂದು ಸುತ್ತು ಸವೆತ. ‘ಬೆಟ್ಟ ಹತ್ತಿ, ಕಾಲು ಗಟ್ಟಿ ಮಾಡಿಕೊಳ್ಳಿ’ ಅನ್ನೋ ತಲೆಬರಹ, ಕೆಳಗೆ ನಂದಿಬೆಟ್ಟದ ಮಂಜಿನ ಫೋಟೋ. ಏರು, ಇಳುಕಲು ಅಂತ ಎರಡು ಬೇರೆ ಬೇರೆ ಪದ ಇರೋ ಭಾಷೆಯಲ್ಲಿ ಬರೆಯುವವರೂ ಒಂದನ್ನೇ ಅನುವಾದ ಮಾಡಿಕೊಂಡರು ಅನ್ನೋದು ನನ್ನ ದೊಡ್ಡ ಬೇಸರ.

ಹಾಗಂತ ಏರು ಓಡಿದರೆ ಬಲ ಬರುತ್ತೆ ಅನ್ನೋದು ಸುಳ್ಳಲ್ಲ. ಏರುವಾಗ ಪ್ರತಿ ಹೆಜ್ಜೆಗೂ ದೇಹವನ್ನು ಎತ್ತಬೇಕು. ಪೃಷ್ಠದ ಸ್ನಾಯು, ಮೀನಖಂಡ ಎರಡೂ ಸಪಾಟು ರಸ್ತೆಗಿಂತ ಹೆಚ್ಚು ದುಡಿಯುತ್ತವೆ. ಪಾದ ನೆಲಕ್ಕೆ ಬಡಿಯುವ ಹೊಡೆತ ಮಾತ್ರ ಕಡಿಮೆ, ಯಾಕೆಂದರೆ ನೆಲವೇ ಎದುರು ಬಂದು ಪಾದ ಹಿಡಿಯುತ್ತೆ. ಉಸಿರಿಗೆ ಸ್ಪೀಡ್‌ವರ್ಕಿನ ಕಷ್ಟ ಇದ್ದರೂ ಕೀಲಿಗೆ ಸ್ಪೀಡ್‌ವರ್ಕಿನ ಪೆಟ್ಟಿಲ್ಲ. 1972ರ ಮ್ಯೂನಿಕ್ ಮ್ಯಾರಥಾನ್ ಗೆದ್ದ ಫ್ರ್ಯಾಂಕ್ ಶಾರ್ಟರ್ ಹೆಸರಿನಲ್ಲಿ ಓಡಾಡೋ ಮಾತೊಂದಿದೆ, ಬೆಟ್ಟ ಅಂದರೆ ವೇಷ ಮರೆಸಿಕೊಂಡ ಸ್ಪೀಡ್‌ವರ್ಕ್ ಅಂತ. ಒಪ್ಪಿದೆ. 2013ರಲ್ಲಿ ಕೈಲ್ ಬಾರ್ನ್ಸ್ ಮತ್ತು ಸಂಗಡಿಗರು ಇಪ್ಪತ್ತು ಮಂದಿ ಪಳಗಿದ ಓಟಗಾರರಿಗೆ ಆರು ವಾರ ಏರಿನ ಓಟ ಕೊಟ್ಟು ನೋಡಿದ ಅಧ್ಯಯನ ಕೂಡ ಒಳ್ಳೇದನ್ನೇ ಹೇಳುತ್ತೆ. 5 ಕಿಲೋಮೀಟರಿನ ಸಮಯ ಸರಾಸರಿ 2 ಪರ್ಸೆಂಟ್ ಸುಧಾರಿಸಿತು. ಆದರೆ ಆ ವಾಕ್ಯವನ್ನು ಇನ್ನೊಂದು ಸಲ ಓದಿ. ಇಪ್ಪತ್ತು ಮಂದಿ, ಮೊದಲೇ ಪಳಗಿದವರು, 5 ಕಿಲೋಮೀಟರ್. ಮ್ಯಾರಥಾನ್ ಅಲ್ಲಿ ಎಲ್ಲೂ ಇಲ್ಲ. ‘ಮ್ಯಾರಥಾನ್‌ಗೆ ಬೇಕಾದ ಬಲ’ ಅನ್ನೋ ಅಧ್ಯಾಯಕ್ಕೆ ಇಂಥ ಅಧ್ಯಯನವನ್ನು ಆಧಾರ ಮಾಡಿಕೊಳ್ಳೋದು ಹೋಳಿಗೆ ತಿಂದು ನೋಡಿ ಊಟ ಹೇಗಿದೆ ಅಂತ ಹೇಳಿದ ಹಾಗೆ.

ಮ್ಯಾರಥಾನಿನಲ್ಲಿ ಕೊನೆಗೆ ಸೋಲೋದು ಯಾವುದು? ಮೂವತ್ತು ಕಿಲೋಮೀಟರ್ ಆದ ಮೇಲೆ ಉಸಿರು ಆರಾಮಾಗಿರುತ್ತೆ, ತೊಡೆ ಕೈಕೊಡುತ್ತೆ. ಪ್ರತಿ ಹೆಜ್ಜೆ ನೆಲಕ್ಕೆ ಬಿದ್ದಾಗಲೂ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಾ ಹೋಗುತ್ತಲೇ ದೇಹದ ಭಾರವನ್ನು ತಡೆದು ಹಿಡಿಯಬೇಕು. ಬಾವಿಗೆ ಕೊಡ ಇಳಿಬಿಡುವಾಗ ಹಗ್ಗವನ್ನು ಬಿಡುತ್ತಲೇ ಬಿಗಿ ಹಿಡಿದಿರುತ್ತೀವಲ್ಲ, ಹಾಗೆ. ಇದನ್ನು ಎಕ್ಸೆಂಟ್ರಿಕ್ ಕೆಲಸ ಅಂತಾರೆ. ಸ್ನಾಯುವಿನ ಎಳೆ ಹರಿಯೋದು, ಎರಡು ದಿನ ಮೆಟ್ಟಿಲು ಇಳಿಯೋಕೆ ಆಗದ ಹಾಗೆ ನೋಯೋದು ಇದರಿಂದಲೇ. ಏರಿನಲ್ಲಿ ಈ ಕೆಲಸ ಸಪಾಟಿಗಿಂತಲೂ ಕಡಿಮೆ. ಇಳಿಜಾರಿನಲ್ಲಿ ಅತಿ ಹೆಚ್ಚು. ಅಂದರೆ ಮ್ಯಾರಥಾನಿನ ಕೊನೆಗೆ ಬೇಕಾಗುವ ಬಲವನ್ನು ಬೆಟ್ಟ ಕೊಡೋದು ನಿಜ, ಕೊಡೋದು ಮಾತ್ರ ಪಿಡಿಎಫ್ ವಿಶ್ರಾಂತಿ ಅಂತ ಕರೆದ ಆ ಕಡೆಯಿಂದ.

ಅಂಕಿಗಳು ಇವೆ. 2005ರಲ್ಲಿ ಗಾಟ್‌ಶಾಲ್ ಮತ್ತು ಕ್ರ್ಯಾಮ್ ಅನ್ನೋ ಸಂಶೋಧಕರು ಓಟಗಾರರು ನೆಲವನ್ನು ಎಷ್ಟು ಬಲದಿಂದ ಬಡಿಯುತ್ತಾರೆ ಅಂತ ಅಳೆದರು. 9 ಡಿಗ್ರಿ ಇಳಿಜಾರಿನಲ್ಲಿ ಬಡಿತದ ಗರಿಷ್ಠ ಸಪಾಟಿಗಿಂತ 54 ಪರ್ಸೆಂಟ್ ಹೆಚ್ಚು, ಬ್ರೇಕ್ ಹಾಕುವ ಬಲ 73 ಪರ್ಸೆಂಟ್ ಹೆಚ್ಚು. ನಮ್ಮ ಊರಿನ ಏರು ಅದರ ಅರ್ಧದಷ್ಟೂ ಕಡಿದಾಗಿಲ್ಲ, ಆ ಅಂಕಿಯನ್ನು ಹಾಗೇ ಇಲ್ಲಿಗೆ ತಂದು ಅಂಟಿಸೋ ಹಾಗಿಲ್ಲ. ಆದರೆ ದಿಕ್ಕು ಅದೇ. ಇದರ ಪಕ್ಕಕ್ಕೆ ಇಟಲಿಯ ಮಿನೆಟ್ಟಿ ತಂಡ 2002ರಲ್ಲಿ ಪ್ರಕಟಿಸಿದ್ದನ್ನು ಇಟ್ಟು ನೋಡಿ. ಓಟಕ್ಕೆ ತಗಲುವ ಶಕ್ತಿ ಅತಿ ಕಡಿಮೆ ಆಗೋದು ಸುಮಾರು 20 ಪರ್ಸೆಂಟ್ ಇಳಿಜಾರಿನಲ್ಲಿ. ಅಲ್ಲಿ ಸಪಾಟಿನ ಅರ್ಧದಷ್ಟು ಶಕ್ತಿ ಸಾಕು.

ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಆ ಚೌಕದ ತಪ್ಪು ಎಲ್ಲಿಂದ ಹುಟ್ಟಿತು ಅಂತ ಹೊಳೆಯಿತು. ಇಳಿಯುವಾಗ ಉಸಿರು ಅಗ್ಗ, ಕಾಲಿಗೆ ಪೆಟ್ಟು ದುಬಾರಿ. ನಮ್ಮ ಹತ್ತಿರ ಇರೋ ಸಾಧನಗಳೆಲ್ಲ ಉಸಿರಿನ ಕಡೆಯವು. ಮಣಿಕಟ್ಟಿನ ವಾಚು ಅಳೆಯೋದು ಹೃದಯಬಡಿತ. ಇಳಿಜಾರಿನಲ್ಲಿ ಬಡಿತ 172ರಿಂದ 130ಕ್ಕೆ ಬಿದ್ದ ತಕ್ಷಣ ಅದು ಹಸಿರು ಬಣ್ಣ ತೋರಿಸಿ ‘ರಿಕವರಿ’ ಅನ್ನುತ್ತೆ. ತೊಡೆಗೆ, ಎಲುಬಿಗೆ ಏನಾಗುತ್ತಿದೆ ಅಂತ ತೋರಿಸೋ ಬಣ್ಣ ಅದರಲ್ಲಿಲ್ಲ. ಪ್ಲ್ಯಾನ್ ಬರೆಯುವವರು ವಾಚಿನ ಕಣ್ಣಿನಿಂದಲೇ ಬೆಟ್ಟವನ್ನು ನೋಡಿದ್ದಾರೆ. ಜಿಮ್ಮಿನ ಟ್ರೆಡ್‌ಮಿಲ್ ನೋಡಿ. ಮೇಲಕ್ಕೆ ಓರೆ ಮಾಡೋ ಗುಂಡಿ ಎಲ್ಲದರಲ್ಲೂ ಇರುತ್ತೆ. ಕೆಳಕ್ಕೆ ಓರೆಯಾಗೋ ಯಂತ್ರ ಹುಡುಕಬೇಕು. ಸ್ಟ್ರಾವಾದಲ್ಲಿ ಬೆಟ್ಟದ ರಾಜ ಅನ್ನೋ ಪಟ್ಟಕ್ಕೆ ಜನ ಪ್ರಾಣ ಬಿಡೋದೂ ಏರಿಗೇ. ನಂದಿಬೆಟ್ಟಕ್ಕೆ ಭಾನುವಾರ ಓಡೋಕೆ ಹೋಗುವ ನಮ್ಮ ಗುಂಪಿನಲ್ಲೇ ಒಬ್ಬರು ಓಡಿಕೊಂಡು ಹತ್ತಿ, ಇಡ್ಲಿ ತಿಂದು, ಕಾರಿನಲ್ಲಿ ಇಳಿದು ಬರುತ್ತಿದ್ದರು. ನಾವೆಲ್ಲ ಅವರನ್ನು ತಮಾಷೆ ಮಾಡುತ್ತಿದ್ದೆವು. ಈಗ ಯೋಚನೆ ಮಾಡಿದರೆ ಪಿಡಿಎಫ್‌ಗೆ ಅವರಷ್ಟು ನಿಷ್ಠರಾಗಿದ್ದವರು ಇನ್ನೊಬ್ಬರಿಲ್ಲ. ವಿಶ್ರಾಂತಿ ಅಂದ ಮೇಲೆ ಕಾರೇ ಸರಿ.

ಊರಿಗೆ ವಾಪಸ್ ಬರೋಣ. ತಮ್ಮ ಆ ಚೌಕವನ್ನು ಓದಿದ್ದು ಅವನ ಅವಸರದಲ್ಲಿ. ಪಿಡಿಎಫ್‌ನಲ್ಲಿ ವಾರಕ್ಕೊಂದು ಸಲ ಇದ್ದದ್ದು ಅವನಿಗೆ ದಿನ ಬಿಟ್ಟು ದಿನ ಆಯಿತು. ಯಾಕೆ ಆಗಬಾರದು? ಸ್ಕ್ರೀನ್‌ಶಾಟಿನಲ್ಲಿ ವಾರದ ಹೆಸರು ಕಾಣುತ್ತಿರಲಿಲ್ಲ. ಮುಂಚಿನ ತಿಂಗಳುಗಳ ಓಟ ಅವನಿಗೆ ಇರಲಿಲ್ಲ, ಕಾಲಲ್ಲಿ ಇದ್ದದ್ದು ಕ್ಯಾನ್ವಾಸ್ ಶೂ. ಇಳಿಯುವಾಗ ಜಾಗ್ ಅಂತ ಬರೆದಿದ್ದರೂ ನಾಲ್ಕು ಹುಡುಗರು ಒಟ್ಟಿಗೆ ಡಾಂಬರು ರಸ್ತೆಯಲ್ಲಿ ಇಳಿಯುತ್ತಿದ್ದರೆ ಜಾಗ್ ಹೇಗೆ ಆಗುತ್ತೆ? ಏರುವಾಗ ಹಿಂದೆ ಬಿದ್ದವನು ಇಳಿಯುವಾಗ ಮುಂದೆ ಹೋಗಬೇಕು. ಸಿಳ್ಳೆ ಹೊಡೆಯುತ್ತಾ, ಕಾಲು ಮುಂದೆ ಮುಂದೆ ಚಾಚಿ, ಹಿಮ್ಮಡಿ ಕುಟ್ಟುತ್ತಾ ಇಳಿಯೋರು. ನಾನು ನೋಡುತ್ತಿದ್ದೆ. ಚೆಂದ ಕಾಣುತ್ತಿತ್ತು. ಒಂದೆರಡು ಸಲ ವಿಡಿಯೋ ಕೂಡ ಮಾಡಿದೆ.

ಅದನ್ನು ನೋಡಿ ಎಚ್ಚರಿಕೆ ಕೊಟ್ಟವರು ಕಾಕಾ ಒಬ್ಬರೇ. ಅವರ ಇಡೀ ಆಯುಷ್ಯದಲ್ಲಿ ಪಂದ್ಯಕ್ಕಂತ ಒಂದು ಹೆಜ್ಜೆ ಓಡಿದವರಲ್ಲ. ಟ್ರ್ಯಾಕ್ಟರ್ ಬರೋಕೆ ಮೊದಲು ಎತ್ತಿನ ಗಾಡಿಯಲ್ಲಿ ಕಬ್ಬು ಹೇರಿದವರು.

‘ತಮ್ಮಾ, ಏರಿನ್ಯಾಗ ಎತ್ತಿನ ಕಾಲ ನೋಡಬೇಕು, ಇಳಕಲದಾಗ ಅದರ ಕುತ್ತಗಿ ನೋಡಬೇಕು. ಇಳಿಯೂ ಮುಂದ ಹೊರೆ ಎಲ್ಲಾ ಮುಂದ ಬಂದ ಬೀಳತೈತಿ. ಹೊಸಾ ಎತ್ತ ಹೂಡಿದ್ರ ನಾವು ಇಳಕಲದಾಗ ಅರ್ಧಾ ಹೊರೆ ಇಳಸತಿದ್ವಿ.’

ನಾನು ಅದನ್ನು ಊರ ಹಿರಿಯರ ಮಾತು ಅಂತ ನಕ್ಕು ಸುಮ್ಮನಾದೆ. ಗಾಟ್‌ಶಾಲ್ ಮತ್ತು ಕ್ರ್ಯಾಮ್ ಓದಿದ್ದು ಆಮೇಲೆ. ಡ್ಯಾಂಗೆ ಯಾರ ಹೆಸರಿದೆಯೋ ಆ ಲಖಮಗೌಡರು ವಂಟಮುರಿಯ ಸರ್‌ದೇಸಾಯಿ ಮನೆತನದವರು. ಅದೇ ವಂಟಮುರಿ ಘಾಟು ಹೆದ್ದಾರಿಯಲ್ಲಿ ಬೆಳಗಾವಿಯಿಂದ ಸಂಕೇಶ್ವರಕ್ಕೆ ಹೋಗುವಾಗ ಸಿಗುತ್ತೆ. ಆ ಘಾಟು ಇಳಿಯೋ ಲಾರಿ ಡ್ರೈವರ್ ಗೇರ್ ಕಡಿಮೆ ಮಾಡಿಕೊಂಡೇ ಇಳಿಯುತ್ತಾನೆ, ನ್ಯೂಟ್ರಲ್‌ಗೆ ಹಾಕಿ ವಿಶ್ರಾಂತಿ ತಗೊಳ್ಳಲ್ಲ. ನಮ್ಮ ಸುತ್ತಲಿನವರಿಗೆಲ್ಲ ಗೊತ್ತಿದ್ದದ್ದು ನನ್ನ ಪಿಡಿಎಫ್‌ಗೆ ಗೊತ್ತಿರಲಿಲ್ಲ.

ಮೂರನೇ ವಾರದ ಕೊನೆಗೆ ತಮ್ಮನಿಗೆ ಮೊಣಕಾಲಿನ ಕೆಳಗೆ, ಎಲುಬಿನ ಒಳಪಕ್ಕದಲ್ಲಿ ನೋವು ಶುರುವಾಯಿತು. ಮೊದಲು ಓಡಿ ಬಂದ ಮೇಲೆ, ಆಮೇಲೆ ಓಡುವಾಗ, ಆಮೇಲೆ ಸುಮ್ಮನೆ ನಿಂತಾಗಲೂ. ಬೆರಳಿಟ್ಟರೆ ಜೀವ ಹೋಗುತ್ತೆ ಅನ್ನುತ್ತಿದ್ದ. ಶಿನ್ ಸ್ಪ್ಲಿಂಟ್ ಅಂದರು ಡಾಕ್ಟರು, ಆರು ವಾರ ಓಡಬೇಡ ಅಂದರು. ಪರೀಕ್ಷೆಗೆ ನಾಲ್ಕೇ ವಾರ ಇತ್ತು. ಬಟ್ಟೆ ಬಿಗಿದು ಕಟ್ಟಿಕೊಂಡು, ಮಾತ್ರೆ ನುಂಗಿ ಹೋಗಿ ಓಡಿದ. 6 ನಿಮಿಷ 41 ಸೆಕೆಂಡ್. ಹನ್ನೊಂದು ಸೆಕೆಂಡು ತಡ.

ಅದೇ ಪ್ಲ್ಯಾನ್ ನನಗೆ ಮಾಡಿದ್ದು ಬೇರೆ, ಅದನ್ನೂ ಹೇಳಬೇಕು. ನಾನು ವಾರಕ್ಕೊಂದೇ ಸಲ ಏರು ಓಡಿದೆ. ಇಳಿಯುವಾಗ ಟ್ರ್ಯಾಕ್ಟರಿಗೆ ಹೆದರಿ ರಸ್ತೆ ಬದಿಯಲ್ಲಿ ನಿಧಾನಕ್ಕೆ ನಡೆದು ಇಳಿದೆ. ಹಾಗಾಗಿ ಏನೂ ಆಗಲಿಲ್ಲ, ಅಲ್ಲಿಯವರೆಗೆ. ಮುಂಬೈಯಲ್ಲಿ ಫುಲ್ ಮ್ಯಾರಥಾನ್ ಓಡಿದವರಿಗೆ ಪೆಡರ್ ರೋಡ್ ಅಂದರೆ ಏನು ಅಂತ ವಿವರಿಸಬೇಕಿಲ್ಲ. ಸುಮಾರು 35ನೇ ಕಿಲೋಮೀಟರಿನ ಹತ್ತಿರ, ಬಿಸಿಲು ಏರಿದ ಮೇಲೆ, ಬರೋ ಏರು. ಎಲ್ಲರೂ ಅಲ್ಲಿ ನಡೆಯೋಕೆ ಶುರು ಮಾಡುತ್ತಾರೆ. ನಾನು ನಡೆಯಲಿಲ್ಲ. ಊರ ಏರಿನ ನೆನಪು ಕಾಲಿನಲ್ಲಿತ್ತು, ಸಣ್ಣ ಸಣ್ಣ ಹೆಜ್ಜೆ ಹಾಕಿ ಹತ್ತಿಬಿಟ್ಟೆ. ಪಿಡಿಎಫ್‌ಗೆ ಮನಸ್ಸಿನಲ್ಲೇ ಕೈಮುಗಿದೆ ಕೂಡ. ಕೆಂಪ್ಸ್ ಕಾರ್ನರ್ ದಾಟಿ ಚೌಪಾಟಿ ಕಡೆ ರಸ್ತೆ ಇಳಿಯೋಕೆ ಶುರುವಾದಾಗ ತೊಡೆಯ ಮುಂಭಾಗ ಎರಡೂ ಒಟ್ಟಿಗೆ ಹಿಡಿದುಕೊಂಡವು. ಏರಿನಲ್ಲಿ ಹಿಂದೆ ಹಾಕಿದವರೆಲ್ಲ ಇಳಿಜಾರಿನಲ್ಲಿ ನನ್ನ ದಾಟಿ ಹೋದರು. ಮರೀನ್ ಡ್ರೈವ್ ಪೂರ್ತಿ ನಡೆದೆ. ಮೂವತ್ತೈದು ಕಿಲೋಮೀಟರ್ ಓಡಿದ ತೊಡೆ ಎಲ್ಲಾದರೂ ಹಿಡಿದುಕೊಳ್ಳಬಹುದಿತ್ತು. ಆದರೆ ಹಿಡಿದುಕೊಂಡದ್ದು ನಾನು ಒಂದು ದಿನವೂ ಕಲಿಯದ ಕೆಲಸ ಎದುರಾದ ಜಾಗದಲ್ಲಿ.

ಬಾಸ್ಟನ್ ಓಡಿ ಬಂದವರು ಇದನ್ನೇ ದೊಡ್ಡ ಪ್ರಮಾಣದಲ್ಲಿ ಹೇಳುತ್ತಾರೆ. ಅಲ್ಲಿ ಹಾರ್ಟ್‌ಬ್ರೇಕ್ ಹಿಲ್ ಅನ್ನೋ ಏರು ಇದೆ, ಜಗತ್ತಿನ ಮ್ಯಾರಥಾನ್‌ಗಳಲ್ಲೇ ಹೆಸರಾದದ್ದು. ಹೆಸರು ಕೇಳಿ ಹಿಮಾಲಯ ಅಂದುಕೊಂಡಿದ್ದೆ. ಏರೋದು 27 ಮೀಟರ್. ಹಿಡಕಲ್ ಡ್ಯಾಮಿನ ಎತ್ತರದ ಅರ್ಧವೂ ಇಲ್ಲ! ಅಷ್ಟು ಸಣ್ಣ ಏರು ಎದೆ ಒಡೆಯೋದು ಹೇಗೆ? ಬಾಸ್ಟನ್ ದಾರಿ ಶುರುವಿನಿಂದ ಕೊನೆಗೆ ಒಟ್ಟು 140 ಮೀಟರಿನಷ್ಟು ಇಳಿಯುತ್ತೆ, ಅದರಲ್ಲಿ ಬಹುಪಾಲು ಮೊದಲ ಅರ್ಧದಲ್ಲೇ. ಜನ ಹುಮ್ಮಸ್ಸಿನಲ್ಲಿ ಇಳಿಜಾರು ಓಡಿ, ತೊಡೆಯನ್ನು ಅಲ್ಲೇ ಖರ್ಚು ಮಾಡಿ, 32-33ನೇ ಕಿಲೋಮೀಟರಿಗೆ ಬಂದು ಏರಿನ ಮೇಲೆ ಅಪವಾದ ಹೊರಿಸುತ್ತಾರೆ. ಹೆಸರು ಬಿದ್ದದ್ದು ಏರಿಗೆ. ಇಳಿಜಾರಿಗೆ ಯಾರೂ ಹೆಸರೇ ಇಟ್ಟಿಲ್ಲ.

ಹಾಗಾದರೆ ಮರುದಿನದಿಂದಲೇ ಎಲ್ಲರೂ ಇಳಿಜಾರು ಓಡಿ ಅಂತ ನಾನು ಹೇಳಿದರೆ ಇನ್ನೊಂದು ಕೆಟ್ಟ ಪಿಡಿಎಫ್ ಬರೆದ ಹಾಗೆ. ಇಳಿಜಾರಿನ ವಿಷಯದಲ್ಲಿ ಒಂದು ಒಳ್ಳೆ ಸುದ್ದಿ ಇದೆ. ಸ್ನಾಯು ಈ ಪೆಟ್ಟನ್ನು ಬೇಗ ಕಲಿಯುತ್ತೆ. ಒಂದು ಸಲ ಇಳಿದು ನೋಯಿಸಿಕೊಂಡರೆ ಎರಡನೇ ಸಲ ಅದೇ ಇಳಿತಕ್ಕೆ ಅಷ್ಟು ನೋಯೋದಿಲ್ಲ. 1985ರ ಒಂದು ಅಧ್ಯಯನದಲ್ಲಿ ಈ ರಕ್ಷಣೆ ಆರು ವಾರದವರೆಗೆ ಉಳಿದಿತ್ತು. ಎಲುಬು ಮಾತ್ರ ಅಷ್ಟು ಬೇಗ ಕಲಿಯೋದಿಲ್ಲ, ಅದಕ್ಕೆ ತಿಂಗಳುಗಳು ಬೇಕು. ಸ್ನಾಯು ಕಲಿತಿದೆ, ನೋವಿಲ್ಲ ಅಂತ ಧೈರ್ಯ ಮಾಡೋ ಹೊತ್ತಿಗೆ ಎಲುಬು ಹಿಂದೆ ಉಳಿದಿರುತ್ತೆ. ತಮ್ಮನಿಗೆ ಆದದ್ದು ಇದೇ. ಎರಡನೇ ವಾರದಲ್ಲಿ ಅವನಿಗೆ ತೊಡೆ ನೋವು ಪೂರ್ತಿ ಹೋಗಿತ್ತು. ‘ಅಣ್ಣಾ, ಈಗ ಹೊಂದೇತಿ’ ಅಂದಿದ್ದ. ಹೊಂದಿದ್ದು ತೊಡೆಗೆ. ಲಿಡಿಯಾರ್ಡ್ ಬೆಟ್ಟಕ್ಕೆ ಮೊದಲು ಇಟ್ಟ ಆ ತಿಂಗಳುಗಳು ಬೋರು ಹೊಡೆಸೋಕೆ ಇಟ್ಟಿದ್ದಲ್ಲ.

ಇಲ್ಲೊಂದು ವಿಚಿತ್ರವೂ ಇದೆ. 1600 ಮೀಟರ್ ಓಡಬೇಕಾದ ತಮ್ಮನೇ ಲಿಡಿಯಾರ್ಡ್ ಬೆಟ್ಟದ ನಿಜವಾದ ವಾರಸುದಾರ. 1964ರ ಟೋಕಿಯೋದಲ್ಲಿ ಪೀಟರ್ ಸ್ನೆಲ್ 800ರ ಜೊತೆಗೆ ಗೆದ್ದದ್ದು 1500 ಮೀಟರ್, ಹೆಚ್ಚುಕಡಿಮೆ ತಮ್ಮನ ದೂರವೇ. ಪುಸ್ತಕ ಅವನಂಥವರಿಗೇ ಬರೆದದ್ದು, ಅವನಿಗೆ ಸಿಕ್ಕಿದ್ದು ಮಾತ್ರ ನನ್ನಂಥವರಿಗಾಗಿ ಕತ್ತರಿಸಿದ ಚೌಕ. ನನಗೆ ಅದು ತಪ್ಪಿದರೆ ಒಂದು ಮೆಡಲಿನ ಸಮಯ ಹೆಚ್ಚುಕಮ್ಮಿ ಆಗುತ್ತೆ, ಮುಂದಿನ ಜನವರಿಗೆ ಮತ್ತೆ ಹೆಸರು ಕೊಡಬಹುದು. ಬರೆದವರ ಕಣ್ಣಿನಲ್ಲಿ ಇದ್ದ ಓದುಗ ನಾನೇ. ಸಂಬಳ ಬರುವವನು, ಒಳ್ಳೆ ಶೂ ಇರುವವನು, ನೋವಾದರೆ ಫಿಸಿಯೋ ಹತ್ತಿರ ಹೋಗುವವನು.

ಈ ವರ್ಷ ನಾನು ಮಾಡುತ್ತಿರೋದು ಇಷ್ಟು. ಮೊದಲ ಹತ್ತು ವಾರ ಏರಿನ ಹೆಸರೆತ್ತಲಿಲ್ಲ. ಆಮೇಲೆ ವಾರಕ್ಕೊಂದು ದಿನ, ಆರು ಏರು, ಇಳಿಯೋದು ನಡೆದುಕೊಂಡು. ಮೂರನೇ ವಾರದಿಂದ ಆರರಲ್ಲಿ ಒಂದು ಇಳಿತ ಮಾತ್ರ ಓಡಿಕೊಂಡು. ಡಾಂಬರು ಬಿಟ್ಟು ಪಕ್ಕದ ಮಣ್ಣಿನ ಮೇಲೆ, ಹೆಜ್ಜೆ ಸಣ್ಣ, ಪಾದ ಸೊಂಟದ ಕೆಳಗೇ ಬೀಳಬೇಕು, ಮೈ ಹಿಂದಕ್ಕೆ ವಾಲಬಾರದು. ಪ್ರತಿ ವಾರ ಒಂದು ಇಳಿತ ಹೆಚ್ಚು, ನಾಲ್ಕಾದ ಮೇಲೆ ನಿಲ್ಲಿಸೋದು. ಪಂದ್ಯಕ್ಕೆ ಮೂರು ವಾರ ಇರುವಾಗ ಕೊನೆಯ ಸಲ. ಇದು ನನ್ನ ಕಾಲಿಗೆ ಬರೆದುಕೊಂಡದ್ದು, ದಯವಿಟ್ಟು ಸ್ಕ್ರೀನ್‌ಶಾಟ್ ತೆಗೀಬೇಡಿ.

ತಮ್ಮ ಮತ್ತೆ ಅರ್ಜಿ ಹಾಕಿದ್ದಾನೆ. ಈಗ ಕಾಲುವೆ ದಂಡೆಯ ಮಣ್ಣಿನ ದಾರಿಯಲ್ಲಿ ದಿನಾ ನಲವತ್ತು ನಿಮಿಷ ಓಡುತ್ತಾನೆ, ಮಾತಾಡುತ್ತಾ ಓಡೋ ಅಷ್ಟು ನಿಧಾನಕ್ಕೆ. ನಾನು ಅವನಿಗೆ ಯಾವ ಪಿಡಿಎಫ್ಪೂ ಕಳಿಸಿಲ್ಲ. ಹೋದ ವಾರ ಫೋನ್ ಮಾಡಿದ್ದ.

‘ಅಣ್ಣಾ, ಗುಡ್ಡಾ ಯಾವಾಗ?’

‘ನಾನು ಊರಿಗೆ ಬಂದ ಮೇಲೆ. ಅಲ್ಲೀವರೆಗೆ ಬ್ಯಾಡ.’

‘ಇಳಿಯೂದು?’

‘ಮೊದಲಿನ ಎರಡು ವಾರ ನಡಕೊಂತ.’

ಹಿಂದಿನಿಂದ ಕಾಕಾನ ದನಿ ಕೇಳಿಸಿತು, ಏನಂದ ಅಂವಾ ಅಂತ. ತಮ್ಮ ಹೇಳಿದ. ಕಾಕಾ ಏನೂ ಅನ್ನಲಿಲ್ಲ, ಫೋನ್ ಇಸಕೊಂಡು ಈ ಸಲ ರಾಣಿ ಚೆನ್ನಮ್ಮಕ್ಕ ಟಿಕೀಟು ಸಿಕ್ಕೈತೋ ಇಲ್ಲೋ ಅಂತ ಕೇಳಿದರು.